ಅಣಕು ವಿಡಿಯೊ, ಕಾಪಿರೈಟ್ ನೋಟಿಸ್ ಮತ್ತು ಕೇಳದೇ ಉಳಿಯುವ ಪ್ರಶ್ನೆ

ಲೆಗೊ ಆಟಿಕೆ ಇಟ್ಟಿಗೆಗಳಲ್ಲೇ ಕಟ್ಟಿದ ಉತ್ತರ ಧ್ರುವ. ಬಿಳಿ ಹಿಮ, ಹಿಮಕರಡಿ, ಗಾಳ ಹಾಕಿ ಕುಳಿತ ಮೀನುಗಾರ, ನಾಯಿಗಳು, ಮಕ್ಕಳು. ಅವುಗಳ ನಡುವೆ ಶೆಲ್ ಕಂಪನಿಯ ತೈಲ ಬಾವಿ. ಎಲ್ಲಿಂದಲೋ ಕಪ್ಪು ಎಣ್ಣೆ ಒಸರತೊಡಗುತ್ತದೆ. ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ನಗುಮುಖ. ಯಾರೂ ಓಡುವುದಿಲ್ಲ, ಯಾರೂ ಕೂಗುವುದಿಲ್ಲ. ಎಲ್ಲವೂ ಮುಳುಗಿದ ಮೇಲೆ ಎಣ್ಣೆಯ ಮೇಲೆ ಕಾಣುವುದು ಶೆಲ್‌ನ ಬಾವುಟವೊಂದೇ. ಹಿನ್ನೆಲೆಯಲ್ಲಿ ಕೇಳುವುದು ಅದೇ ವರ್ಷ ತೆರೆಕಂಡಿದ್ದ ಲೆಗೊ ಚಲನಚಿತ್ರದ ಹಾಡು. ‘ಎಲ್ಲವೂ ಅದ್ಭುತ’ ಎಂದು ಮಕ್ಕಳು ಕುಣಿದ ಆ ಹಾಡನ್ನು ಇಲ್ಲಿ ಶೋಕಗೀತೆಯಂತೆ ಎಳೆದು ಹಾಡಲಾಗಿದೆ.

2014ರ ಜುಲೈನಲ್ಲಿ ಪರಿಸರ ಸಂಘಟನೆ ಗ್ರೀನ್‌ಪೀಸ್ ಯೂಟ್ಯೂಬಿಗೆ ಹಾಕಿದ ವಿಡಿಯೊ ಇದು. ಆರ್ಕ್ಟಿಕ್ ಸಾಗರದಲ್ಲಿ ತೈಲ ತೆಗೆಯಲು ಹೊರಟಿದ್ದ ಶೆಲ್ ಜೊತೆ ಲೆಗೊ ಕಂಪನಿಗೆ 1960ರ ದಶಕದಿಂದಲೂ ನಂಟಿತ್ತು. ಪೆಟ್ರೋಲ್ ಬಂಕುಗಳಲ್ಲಿ ಶೆಲ್ ಗುರುತಿನ ಲೆಗೊ ಆಟಿಕೆಗಳು ಸಿಗುತ್ತಿದ್ದವು. ಮಕ್ಕಳ ಆಟಿಕೆಯ ಕಂಪನಿ ತೈಲ ಕಂಪನಿಗೆ ಒಳ್ಳೆಯ ಹೆಸರು ತಂದುಕೊಡುವುದು ಸರಿಯೇ ಎಂಬುದು ವಿಡಿಯೊ ಎತ್ತಿದ ಪ್ರಶ್ನೆ. ಲಕ್ಷಾಂತರ ಜನ ನೋಡುತ್ತಿದ್ದ ಹೊತ್ತಿನಲ್ಲಿ ಅದು ಯೂಟ್ಯೂಬಿನಿಂದ ಮಾಯವಾಯಿತು. ದೂರು ಕೊಟ್ಟದ್ದು ಲೆಗೊ ಅಲ್ಲ, ಶೆಲ್ ಕೂಡ ಅಲ್ಲ. ಚಲನಚಿತ್ರದ ಹಕ್ಕು ಹೊಂದಿದ್ದ ವಾರ್ನರ್ ಬ್ರದರ್ಸ್, ಕಾಪಿರೈಟ್ ಉಲ್ಲಂಘನೆಯಾಗಿದೆ ಎಂದಿತ್ತು. ಗದ್ದಲವಾಯಿತು, ಒಂದು ದಿನ ಕಳೆಯುವ ಮೊದಲೇ ವಿಡಿಯೊ ಮರಳಿ ಬಂತು. ಅಕ್ಟೋಬರ್ 9ರಂದು, ಶೆಲ್ ಜೊತೆಗಿನ ಒಪ್ಪಂದದ ಅವಧಿ ಮುಗಿದ ಮೇಲೆ ಅದನ್ನು ನವೀಕರಿಸುವುದಿಲ್ಲ ಎಂದು ಲೆಗೊ ಪ್ರಕಟಿಸಿತು.

ನನ್ನನ್ನು ಕಾಡುವುದು ಆ ನಡುವಿನ ಕೆಲವು ಗಂಟೆಗಳು. ಶೆಲ್ ಆರ್ಕ್ಟಿಕ್‌ಗೆ ಅಪಾಯ ತರುತ್ತದೆಯೇ ಇಲ್ಲವೇ ಎಂದು ಆಗ ಯಾರೂ ಕೇಳಲಿಲ್ಲ. ಕೇಳಿದ ಪ್ರಶ್ನೆ ‘ಈ ಹಾಡು ಯಾರದು’ ಎಂಬುದು ಮಾತ್ರ. ಕಂಪನಿಗಳನ್ನು ಟೀಕಿಸುವ ಅಣಕು ವಿಡಿಯೊಗಳ ವಿಷಯದಲ್ಲಿ ಕಾಪಿರೈಟ್ ಮಾಡುವ ನಿಜವಾದ ಹಾನಿ ಇದೇ ಎಂದು ನಾನು ತಿಳಿದಿದ್ದೇನೆ. ಮಾನನಷ್ಟದ ಮೊಕದ್ದಮೆ ಹೂಡಿದರೆ ಕಂಪನಿ ಕಟಕಟೆಯಲ್ಲಿ ನಿಂತು ಆರೋಪ ನಿಜವೋ ಸುಳ್ಳೋ ಎಂಬ ವಿಚಾರಣೆಯನ್ನು ಎದುರಿಸಬೇಕು. ಕಾಪಿರೈಟ್ ದೂರಿಗೆ ಅಂಥ ಕಷ್ಟವಿಲ್ಲ. ಒಂದು ಅರ್ಜಿ ನಮೂನೆ ತುಂಬಿದರೆ ಮುಗಿಯಿತು.

ಇದಕ್ಕೂ ನಾಲ್ಕು ವರ್ಷ ಮೊದಲು, 2010ರ ಮಾರ್ಚ್‌ನಲ್ಲಿ ಗ್ರೀನ್‌ಪೀಸ್‌ನದೇ ಇನ್ನೊಂದು ವಿಡಿಯೊಗೆ ನೆಸ್ಲೆ ಹೀಗೆಯೇ ಮಾಡಿತ್ತು. ಕಚೇರಿಯ ನೌಕರನೊಬ್ಬ ಬೇಸರದಿಂದ ಕಾಗದ ಚೂರುಮಾಡುತ್ತಾ ಕುಳಿತಿದ್ದಾನೆ. ಬಿಡುವಾಯಿತೆಂದು ಕಿಟ್‌ಕ್ಯಾಟ್ ಪೊಟ್ಟಣ ಬಿಚ್ಚುತ್ತಾನೆ. ಒಳಗಿರುವುದು ಚಾಕೊಲೇಟ್ ಅಲ್ಲ, ಕೂದಲಿರುವ ಒರಾಂಗುಟಾನ್ ಬೆರಳು. ಅವನು ಗಮನಿಸದೆ ಕಚ್ಚುತ್ತಾನೆ, ಕೀಲಿಮಣೆಯ ಮೇಲೆ ರಕ್ತ ತೊಟ್ಟಿಕ್ಕುತ್ತದೆ. ತಾಳೆ ಎಣ್ಣೆಗಾಗಿ ಇಂಡೊನೇಷ್ಯಾದ ಕಾಡು ಕಡಿಯುವವರಿಂದ ನೆಸ್ಲೆ ಎಣ್ಣೆ ಕೊಳ್ಳುತ್ತಿದೆ ಎಂಬುದು ಗ್ರೀನ್‌ಪೀಸ್‌ನ ಆರೋಪ. ನೆಸ್ಲೆ ಕಾಪಿರೈಟ್ ಹೆಸರಿನಲ್ಲಿ ಯೂಟ್ಯೂಬಿನಿಂದ ಅದನ್ನು ತೆಗೆಸಿತು. ವಿಡಿಯೊ ಬೇರೆ ತಾಣಗಳಲ್ಲಿ ಕಾಣಿಸಿಕೊಂಡು ಮೊದಲಿಗಿಂತ ಹೆಚ್ಚು ಜನರನ್ನು ಮುಟ್ಟಿತು. ಎರಡು ತಿಂಗಳಲ್ಲಿ, ಅದೇ ಮೇ 17ರಂದು, ಅರಣ್ಯನಾಶಕ್ಕೆ ಕಾರಣವಾಗುವ ಪೂರೈಕೆದಾರರನ್ನು ಕೈಬಿಡುವ ನೀತಿಯನ್ನು ನೆಸ್ಲೆ ಘೋಷಿಸಿತು.

ಹೀಗೆ ಗೆದ್ದ ಕತೆಗಳನ್ನೇ ಹೇಳಿದರೆ ಚಿತ್ರ ಪೂರ್ಣವಾಗುವುದಿಲ್ಲ. ಗ್ರೀನ್‌ಪೀಸ್‌ಗೆ ವಕೀಲರಿದ್ದಾರೆ, ಪತ್ರಕರ್ತರ ಪರಿಚಯವಿದೆ. ಐದು ಸಾವಿರ ಚಂದಾದಾರರಿರುವ ಕನ್ನಡ ಚಾನೆಲ್ಲಿನವರಿಗೆ ಅದ್ಯಾವುದೂ ಇಲ್ಲ. ಅವರ ವಿಡಿಯೊ ಅಳಿದರೆ ಅಳಿದಂತೆಯೇ. ಆದ್ದರಿಂದ ಕಾನೂನು ಏನು ಹೇಳುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು.

ಮೊದಲು ಅಮೆರಿಕ, ಏಕೆಂದರೆ ಯೂಟ್ಯೂಬಿನ ನಿಯಮಗಳು ಹುಟ್ಟಿದ್ದು ಅಲ್ಲಿಯ ಕಾನೂನಿನಿಂದ. ಅಲ್ಲಿ, ಅನುಮತಿಯಿಲ್ಲದೆಯೂ ಕೃತಿಯನ್ನು ನ್ಯಾಯಯುತವಾಗಿ ಬಳಸಲು ಬಿಡುವ ‘ಫೇರ್ ಯೂಸ್’ ಎಂಬ ವಿನಾಯಿತಿ ಇದೆ. ಬಳಕೆಯ ಉದ್ದೇಶವೇನು, ಮೂಲ ಕೃತಿಯ ಸ್ವರೂಪವೇನು, ಎಷ್ಟು ಭಾಗ ತೆಗೆದುಕೊಂಡಿದ್ದಾರೆ, ಮೂಲದ ಮಾರುಕಟ್ಟೆಗೆ ಪೆಟ್ಟು ಬೀಳುತ್ತದೆಯೇ ಎಂಬ ನಾಲ್ಕು ಅಂಶಗಳನ್ನು ನ್ಯಾಯಾಲಯ ತೂಗಿನೋಡುತ್ತದೆ. ಅಣಕಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು 1994ರ ಕ್ಯಾಂಪ್‌ಬೆಲ್ ತೀರ್ಪಿನಲ್ಲಿ. ರಾಯ್ ಆರ್ಬಿಸನ್ ಅವರ ಪ್ರಸಿದ್ಧ ಹಾಡೊಂದನ್ನು ಒಂದು ರ‍್ಯಾಪ್ ತಂಡ ಅಣಕಿಸಿತ್ತು. ಅನುಮತಿ ಕೇಳಿದ್ದರು, ಸಿಕ್ಕಿರಲಿಲ್ಲ, ಆದರೂ ಹಾಡಿದ್ದರು. ಸುಪ್ರೀಂ ಕೋರ್ಟ್ ಒಮ್ಮತದಿಂದ ತಂಡದ ವಾದಕ್ಕೆ ಮಾನ್ಯತೆ ಕೊಟ್ಟಿತು. ಆ ತೀರ್ಪಿನ ಒಂದು ಮಾತು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅಣಕವು ಮೂಲದ ಜಾಗವನ್ನು ಕಬಳಿಸಿ, ಜನ ಮೂಲದ ಬದಲು ಅದನ್ನೇ ಕೊಳ್ಳುವಂತಾದರೆ ಅದು ಕಾಪಿರೈಟ್ ಹಾನಿ. ಅಣಕವನ್ನು ಕೇಳಿ ಜನರಿಗೆ ಮೂಲದ ಮೇಲೆ ಅಭಿಮಾನವೇ ಹೋಯಿತು ಎಂದರೆ ಅದು ಕಟುವಾದ ವಿಮರ್ಶೆಯಿಂದ ಆಗುವ ನಷ್ಟದಂಥದ್ದು, ಕಾಪಿರೈಟ್ ಕಾನೂನು ಅದಕ್ಕೆ ಪರಿಹಾರ ಕೊಡುವುದಿಲ್ಲ. ಕಿಟ್‌ಕ್ಯಾಟ್ ವಿಡಿಯೊ ನೋಡಿ ಯಾರೂ ‘ಇನ್ನು ಜಾಹೀರಾತು ನೋಡಬೇಕಾಗಿಲ್ಲ, ಇದೇ ಸಾಕು’ ಎನ್ನುವುದಿಲ್ಲ. ಚಾಕೊಲೇಟ್ ಕೊಳ್ಳುವುದನ್ನು ಬಿಡಬಹುದು. ಅದು ಬೇರೆ ನಷ್ಟ.

ಅದೇ ತೀರ್ಪು ಒಂದು ಗೆರೆಯನ್ನೂ ಎಳೆಯಿತು. ಯಾವ ಕೃತಿಯನ್ನು ಬಳಸಿಕೊಂಡಿದ್ದೀರೋ ಅದನ್ನೇ ಗೇಲಿ ಮಾಡಿದರೆ ಅಣಕ. ಆ ಕೃತಿಯನ್ನು ಕೈಗೆ ಸಿಕ್ಕ ಕೋಲಿನಂತೆ ಎತ್ತಿಕೊಂಡು ಇನ್ಯಾರಿಗೋ ಹೊಡೆದರೆ ಅದು ವಿಡಂಬನೆ. ಆಗ ಈ ಕೋಲೇ ಏಕೆ ಬೇಕಾಯಿತು ಎಂಬುದಕ್ಕೆ ಹೆಚ್ಚಿನ ಸಮರ್ಥನೆ ಕೊಡಬೇಕು. ಕಂಪನಿಯ ಜಾಹೀರಾತನ್ನೇ ತಿರುಚಿ ಕಂಪನಿಯನ್ನು ಟೀಕಿಸಿದರೆ ನೆಲ ಗಟ್ಟಿ. ಸಿನಿಮಾ ಹಾಡಿಗೆ ಹೊಸ ಸಾಲು ಕಟ್ಟಿ ಕಂಪನಿಯನ್ನು ಟೀಕಿಸಿದರೆ ನೆಲ ಅಷ್ಟು ಗಟ್ಟಿಯಲ್ಲ.

ಕೆನಡಾದ ಒಂದು ಮೊಕದ್ದಮೆಯನ್ನು ಇಲ್ಲಿ ನೆನೆಯಲೇಬೇಕು. ಟೈರ್ ಅಂಗಡಿಗಳ ಮೇಲೆ ಕಾಣುವ, ಬಿಳಿ ಟೈರುಗಳನ್ನು ಪೇರಿಸಿ ಮಾಡಿದ ಮಿಶೆಲಿನ್ ಮನುಷ್ಯ ಎಲ್ಲರಿಗೂ ಗೊತ್ತು. ನೋವಾ ಸ್ಕೋಷಿಯಾದ ಮಿಶೆಲಿನ್ ಕಾರ್ಖಾನೆಗಳಲ್ಲಿ ಸಂಘ ಕಟ್ಟಲು ಹೊರಟ ಕಾರ್ಮಿಕ ಒಕ್ಕೂಟ ಹಂಚಿದ ಕರಪತ್ರದಲ್ಲಿ ಆ ಮನುಷ್ಯ ನಗುತ್ತಾ, ಕೈಕಟ್ಟಿಕೊಂಡು, ಕಾಲೆತ್ತಿ ನಿಂತಿದ್ದಾನೆ. ಕೆಳಗೆ ಒಬ್ಬ ಕಾರ್ಮಿಕ. ಪಕ್ಕದಲ್ಲಿರುವ ಮತ್ತೊಬ್ಬ, ‘ಸರಿದುಕೋ, ತುಳಿದುಬಿಡುತ್ತಾನೆ’ ಎಂದು ಎಚ್ಚರಿಸುತ್ತಾನೆ. ‘ನೋಡೋಣ, ಏನಾಗುತ್ತದೋ’ ಎಂದು ಮೊದಲನೆಯವನು ಸುಮ್ಮನಿರುತ್ತಾನೆ. 1996ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಟ್ರೇಡ್‌ಮಾರ್ಕ್ (ವ್ಯಾಪಾರ ಚಿಹ್ನೆ) ದೂರನ್ನು ತಳ್ಳಿಹಾಕಿ, ಕಾಪಿರೈಟ್ ದೂರನ್ನು ಎತ್ತಿಹಿಡಿಯಿತು. ಕಾನೂನಿನಲ್ಲಿ ಅಣಕ ಎಂಬ ಪದವಿಲ್ಲ, ಕಂಪನಿಯ ಚಿತ್ರ ಕಂಪನಿಯ ಆಸ್ತಿ ಎಂದಿತು. ಕಾರ್ಮಿಕನನ್ನು ಕಂಪನಿ ತುಳಿಯುತ್ತಿದೆಯೇ ಎಂಬ ಪ್ರಶ್ನೆ ಚಿತ್ರದ ಒಡೆತನದ ಅಡಿಯಲ್ಲಿ ಹೂತುಹೋಯಿತು. ಕೆನಡಾ 2012ರಲ್ಲಿ ತನ್ನ ಕಾಯ್ದೆಗೆ ಅಣಕ ಮತ್ತು ವಿಡಂಬನೆ ಎರಡನ್ನೂ ಹೆಸರಿಟ್ಟೇ ಸೇರಿಸಿತು. ಬ್ರಿಟನ್ 2014ರ ಅಕ್ಟೋಬರ್‌ನಿಂದ ಅಂಥದೇ ವಿನಾಯಿತಿ ಕೊಟ್ಟಿದೆ.

ಭಾರತದ ಕಾಯ್ದೆಯಲ್ಲಿ ಆ ಪದ ಇಂದಿಗೂ ಇಲ್ಲ.

ನಮ್ಮದು 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ. ಇಲ್ಲಿ ಫೇರ್ ಯೂಸ್ ಇಲ್ಲ, ‘ಫೇರ್ ಡೀಲಿಂಗ್’ ಇದೆ. ವಿಡಿಯೊದ ಕೆಳಗೆ ಅಮೆರಿಕದ ಕಾಯ್ದೆಯ ಸೆಕ್ಷನ್ ಸಂಖ್ಯೆಯನ್ನು ಅಂಟಿಸುವ ನಮ್ಮ ಯೂಟ್ಯೂಬರುಗಳು ಇದನ್ನು ಗಮನಿಸಬೇಕು; ಬೆಂಗಳೂರಿನ ನ್ಯಾಯಾಲಯದಲ್ಲಿ ಅದು ನಡೆಯುವುದಿಲ್ಲ. ಅಮೆರಿಕದಲ್ಲಿ ಉದ್ದೇಶಗಳ ಪಟ್ಟಿ ತೆರೆದಿದೆ, ನಮ್ಮಲ್ಲಿ ಮುಚ್ಚಿದೆ. ಸೆಕ್ಷನ್ 52(1)(ಎ) ಮೂರೇ ಉದ್ದೇಶಗಳನ್ನು ಹೇಳುತ್ತದೆ: ಸಂಶೋಧನೆಯೂ ಸೇರಿದಂತೆ ಖಾಸಗಿ ಬಳಕೆ, ಟೀಕೆ ಅಥವಾ ವಿಮರ್ಶೆ, ಪ್ರಚಲಿತ ವಿದ್ಯಮಾನಗಳ ವರದಿ. ಅಣಕು ವಿಡಿಯೊ ಮಾಡಿದವರು ಎರಡನೆಯದರ ಆಶ್ರಯಕ್ಕೆ ಹೋಗಬೇಕು.

ಆ ಎರಡನೆಯದರ ಮಾತುಗಳನ್ನು ನಿಧಾನವಾಗಿ ಓದಬೇಕು. ಟೀಕೆ ಅಥವಾ ವಿಮರ್ಶೆ ‘ಆ ಕೃತಿಯದ್ದಾಗಲಿ, ಬೇರೆ ಯಾವುದೇ ಕೃತಿಯದ್ದಾಗಲಿ’ ಆಗಬಹುದು. ಇದರಲ್ಲಿ ಒಂದು ಉದಾರತೆಯೂ ಇದೆ, ಒಂದು ತೊಡಕೂ ಇದೆ. ಒಂದು ಹಾಡನ್ನು ಬಳಸಿಕೊಂಡು ಇನ್ನೊಂದು ಕೃತಿಯನ್ನು ಟೀಕಿಸಬಹುದು ಎನ್ನುವುದು ಉದಾರತೆ. ಕಂಪನಿಯ ನಡವಳಿಕೆ ‘ಕೃತಿ’ ಅಲ್ಲ ಎನ್ನುವುದು ತೊಡಕು. ನದಿಗೆ ವಿಷ ಬಿಟ್ಟದ್ದು, ಸಂಬಳ ಕೊಡದೆ ಸತಾಯಿಸಿದ್ದು, ಕಳಪೆ ವಸ್ತು ಮಾರಿದ್ದು ಕಾಪಿರೈಟ್ ಕಾಯ್ದೆಯ ಭಾಷೆಯಲ್ಲಿ ಕೃತಿಗಳಲ್ಲ. ಆದರೆ ಆ ಕಂಪನಿಯ ಜಾಹೀರಾತು ಕೃತಿ. ‘ನಾವು ನಿಸರ್ಗವನ್ನು ಪ್ರೀತಿಸುತ್ತೇವೆ’ ಎಂಬ ಜಾಹೀರಾತಿನ ದೃಶ್ಯಗಳನ್ನು ತೆಗೆದುಕೊಂಡು, ಅದು ಹೇಳುವುದಕ್ಕೂ ಕಾರ್ಖಾನೆಯ ಹಿಂದಿನ ಕಾಲುವೆಗೂ ಇರುವ ಅಂತರವನ್ನು ತೋರಿಸಿದರೆ, ಟೀಕೆ ನೇರವಾಗಿ ಆ ಕೃತಿಯ ಮೇಲೆಯೇ ಬೀಳುತ್ತದೆ. ವಿಡಿಯೊ ಮಾಡುವವರು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಯುದ್ಧ ಗೆದ್ದಂತೆ.

ಅಣಕದ ವಿಷಯದಲ್ಲಿ ನಮಗೆ ದಾರಿ ತೋರಿದ್ದು ಕೇರಳ ಹೈಕೋರ್ಟ್. ತೊಪ್ಪಿಲ್ ಭಾಸಿ ಅವರ ‘ನಿಂಗಳೆನ್ನೆ ಕಮ್ಯುನಿಸ್ಟಾಕ್ಕಿ’, ಅಂದರೆ ‘ನೀವು ನನ್ನನ್ನು ಕಮ್ಯುನಿಸ್ಟನನ್ನಾಗಿ ಮಾಡಿದಿರಿ’, 1950ರ ದಶಕದ ಕೇರಳವನ್ನೇ ಅಲುಗಾಡಿಸಿದ ನಾಟಕ. ಸಿವಿಕ್ ಚಂದ್ರನ್ ಅದಕ್ಕೆ ಪ್ರತಿನಾಟಕ ಬರೆದರು. ಅವರ ಶೀರ್ಷಿಕೆಯಲ್ಲಿ ‘ನನ್ನನ್ನು’ ಎಂಬುದು ‘ಯಾರನ್ನು’ ಎಂಬ ಪ್ರಶ್ನೆಯಾಯಿತು. ಮೂಲದ ಪಾತ್ರಗಳೂ ಮಾತುಗಳೂ ಧಾರಾಳವಾಗಿ ಬಂದಿದ್ದವು. ಭಾಸಿ ಅವರ ವಾರಸುದಾರರು ನ್ಯಾಯಾಲಯಕ್ಕೆ ಹೋದರು. ಎಷ್ಟು ತೆಗೆದುಕೊಂಡಿದ್ದಾರೆ, ಯಾವ ಉದ್ದೇಶಕ್ಕೆ, ಎರಡೂ ಕೃತಿಗಳು ಒಂದಕ್ಕೊಂದು ಪೈಪೋಟಿಯಾಗುತ್ತವೆಯೇ ಎಂಬ ಮೂರು ಪ್ರಶ್ನೆಗಳನ್ನು 1996ರಲ್ಲಿ ಕೇಳಿಕೊಂಡ ಹೈಕೋರ್ಟ್, ಇದು ನಕಲಲ್ಲ, ಮೂಲವನ್ನೂ ಅದರ ಹಿಂದಿನ ರಾಜಕೀಯವನ್ನೂ ಟೀಕಿಸುವ ಯತ್ನ ಎಂದು ಕಂಡು, ಪ್ರದರ್ಶನಕ್ಕಿದ್ದ ತಡೆಯನ್ನು ತೆಗೆದುಹಾಕಿತು. ಅಣಕ ಎಂಬ ಪದ ಕಾಯ್ದೆಯಲ್ಲಿ ಇಲ್ಲದಿದ್ದರೂ ‘ಟೀಕೆ’ ಎಂಬ ಪದದೊಳಗೆ ಅದಕ್ಕೆ ಜಾಗವಿದೆ ಎಂದು ನಾವು ಧೈರ್ಯವಾಗಿ ಹೇಳುವುದು ಇಂಥ ತೀರ್ಪಿನ ಬಲದಿಂದ.

ಹಾಡಿನ ವಿಷಯ ಇದಕ್ಕಿಂತ ಸೂಕ್ಷ್ಮ. ಜನಪ್ರಿಯ ಹಾಡಿನ ಧಾಟಿಗೆ ಹೊಸ ಸಾಲು ಕಟ್ಟುವುದು ನಮಗೆ ಹೊಸದಲ್ಲ. ಚಳವಳಿಯ ಹಾಡಿನ ಕಿರುಪುಸ್ತಕಗಳಲ್ಲಿ, ಭಜನೆಯ ಪುಸ್ತಕಗಳಲ್ಲಿ ಶೀರ್ಷಿಕೆಯ ಕೆಳಗೆ ಇಂಥ ಹಾಡಿನ ಧಾಟಿ ಎಂದು ಅಚ್ಚಾಗಿರುವುದನ್ನು ನೋಡಿದ್ದೇವೆ. ಚುನಾವಣೆ ಬಂದರೆ ಪ್ರಚಾರದ ಆಟೊದಲ್ಲಿ ಕೇಳುವುದೂ ಸಿನಿಮಾ ಧಾಟಿಯೇ. ಧಾಟಿ ಎಲ್ಲರದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕಾನೂನಿನ ಲೆಕ್ಕದಲ್ಲಿ ಸಾಹಿತ್ಯಕ್ಕೆ ಒಂದು ಹಕ್ಕು, ರಾಗಸಂಯೋಜನೆಗೆ ಇನ್ನೊಂದು, ಧ್ವನಿಮುದ್ರಣಕ್ಕೆ ಮತ್ತೊಂದು.

2015ರ ಜುಲೈ ಕೊನೆಯಲ್ಲಿ ಬಂದ ‘ಕೊಡೈಕೆನಾಲ್ ವೋಂಟ್’ ಇದಕ್ಕೆ ಅತ್ಯುತ್ತಮ ಉದಾಹರಣೆ. ಚೆನ್ನೈನ ರ‍್ಯಾಪ್ ಗಾಯಕಿ ಸೋಫಿಯಾ ಅಶ್ರಫ್, ಅಮೆರಿಕದ ನಿಕಿ ಮಿನಾಜ್ ಅವರ ಹಾಡಿನ ಧಾಟಿಯಲ್ಲಿ ಯೂನಿಲಿವರ್ ಕಂಪನಿಯನ್ನು ನೇರವಾಗಿ ಹೆಸರಿಸಿ ಹಾಡಿದರು. ಕೊಡೈಕೆನಾಲ್‌ನಲ್ಲಿದ್ದ ಯೂನಿಲಿವರ್‌ನ ಪಾದರಸದ ಥರ್ಮಾಮೀಟರ್ ಕಾರ್ಖಾನೆ 1980ರ ದಶಕದಲ್ಲಿ ಅಮೆರಿಕದಿಂದ ಕಿತ್ತು ತಂದದ್ದು. ಪಾದರಸ ಹತ್ತಿದ ಗಾಜಿನ ಚೂರುಗಳು ಟನ್ನುಗಟ್ಟಲೆ ಊರಿನ ಗುಜರಿ ಅಂಗಡಿಯಲ್ಲಿ ಪತ್ತೆಯಾದ ಮೇಲೆ 2001ರಲ್ಲಿ ಅದು ಮುಚ್ಚಿತು. ಪಾದರಸದಿಂದ ಆರೋಗ್ಯ ಕೆಟ್ಟಿದೆ ಎಂದ ಕಾರ್ಮಿಕರ ಹೋರಾಟ ಮಾತ್ರ ಹದಿನಾಲ್ಕು ವರ್ಷ ಎಳೆದಿತ್ತು. ಆ ವಿಡಿಯೊ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನರನ್ನು ತಲುಪಿತು. ನಿಕಿ ಮಿನಾಜ್ ತಡೆ ಒಡ್ಡಲಿಲ್ಲ, ತಾವೇ ಟ್ವಿಟರಿನಲ್ಲಿ ಹಂಚಿಕೊಂಡರು. 2016ರ ಮಾರ್ಚ್‌ನಲ್ಲಿ ಭಾರತದ ಅಂಗಸಂಸ್ಥೆ ಹಿಂದೂಸ್ತಾನ್ ಯೂನಿಲಿವರ್ 591 ಮಾಜಿ ಕಾರ್ಮಿಕರೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿತು. ಕಾರ್ಖಾನೆಯಿಂದ ಆರೋಗ್ಯ ಕೆಟ್ಟಿಲ್ಲ ಎಂಬ ನಿಲುವನ್ನು ಮಾತ್ರ ಬಿಡಲಿಲ್ಲ.

ಈ ವಿಡಿಯೊದ ಮೇಲೆ ಕಾಪಿರೈಟ್ ದೂರು ಬಂದಿದ್ದರೆ ಏನಾಗುತ್ತಿತ್ತು? ಹಾಡನ್ನು ಬಳಸಿ ಹೊಡೆದದ್ದು ಕಂಪನಿಗೆ, ಹಾಡಿಗಲ್ಲ. ಅಮೆರಿಕದ ಗೆರೆಯಲ್ಲಿ ಇದು ವಿಡಂಬನೆ. ನಮ್ಮ ಸೆಕ್ಷನ್ 52ರಲ್ಲಿ ‘ಯಾವ ಕೃತಿಯ ಟೀಕೆ’ ಎಂಬ ಪ್ರಶ್ನೆಗೆ ಉತ್ತರಿಸಲು ವಕೀಲರು ಪರದಾಡಬೇಕಾಗುತ್ತಿತ್ತು. ಅಂದರೆ ಸಾವಿರಾರು ಪುಟಗಳ ಮನವಿಗಳಿಗೆ ಸಿಗದ ಗಮನವನ್ನು ಕಾರ್ಮಿಕರಿಗೆ ತಂದುಕೊಟ್ಟ ಹಾಡೊಂದು ಉಳಿದದ್ದು ಕಾನೂನಿನ ರಕ್ಷಣೆಯಿಂದಲ್ಲ, ಹಕ್ಕುದಾರರು ಸುಮ್ಮನಿದ್ದುದರಿಂದ. ಮುಂದಿನ ಹಾಡಿನ ಹಕ್ಕುದಾರರು ಹಾಗೆ ಸುಮ್ಮನಿರಬೇಕೆಂದೇನಿಲ್ಲ, ಆ ಹಾಡಿನ ಸಂಸ್ಥೆಗೇ ಟೀಕೆಗೊಳಗಾದ ಕಂಪನಿ ಜಾಹೀರಾತು ಕೊಡುತ್ತಿರಬಹುದು. ಇದನ್ನು ಅದೃಷ್ಟಕ್ಕೆ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಇದಕ್ಕೆ ಎದುರಾಗಿ, ಕಂಪನಿಯೊಂದು ಕಾಪಿರೈಟ್ ಬಿಟ್ಟು ಬೇರೆ ಕಾನೂನಿನಡಿ ಬಂದಾಗ ಏನಾಯಿತು ಎಂದು ನೋಡಬೇಕು. ಒಡಿಶಾದ ಧಾಮ್ರಾದಲ್ಲಿ ಟಾಟಾ ಸ್ಟೀಲ್ ಮತ್ತು ಎಲ್ ಆ್ಯಂಡ್ ಟಿ ಸೇರಿ ಬಂದರು ಕಟ್ಟುತ್ತಿದ್ದವು. ಹತ್ತಿರದಲ್ಲೇ ಗಹಿರ್ಮಾಥಾ, ಆಲಿವ್ ರಿಡ್ಲಿ ಕಡಲಾಮೆಗಳು ಸಾವಿರಗಟ್ಟಲೆ ಮೊಟ್ಟೆಯಿಡುವ ಕರಾವಳಿ. (ನಮ್ಮ ಹೊನ್ನಾವರದ ಕಾಸರಕೋಡಿನ ಮರಳಿಗೂ ಇದೇ ಆಮೆ ಬರುತ್ತದೆ, ಅಲ್ಲೂ ಬಂದರಿನ ಜಗಳವಿದೆ.) ಗ್ರೀನ್‌ಪೀಸ್ 2010ರಲ್ಲಿ ಪ್ಯಾಕ್‌ಮ್ಯಾನ್ ಮಾದರಿಯ ಆನ್‌ಲೈನ್ ಆಟವೊಂದನ್ನು ಹೊರತಂದಿತು. ಆಮೆ ಟಾಟಾ ಲಾಂಛನ ಹೊತ್ತ ರಾಕ್ಷಸರಿಂದ ತಪ್ಪಿಸಿಕೊಂಡು ಓಡಬೇಕು. ಟಾಟಾ ಸನ್ಸ್ ದೆಹಲಿ ಹೈಕೋರ್ಟಿಗೆ ಹೋಗಿ ಮಾನನಷ್ಟ ಮತ್ತು ಟ್ರೇಡ್‌ಮಾರ್ಕ್ ಉಲ್ಲಂಘನೆ ಎಂದು 10 ಕೋಟಿ ರೂಪಾಯಿ ಪರಿಹಾರ ಕೇಳಿತು, ಆಟಕ್ಕೆ ಮಧ್ಯಂತರ ತಡೆಯನ್ನೂ ಕೇಳಿತು. ಮೈಸೂರಿನಲ್ಲಿ ಹುಟ್ಟಿದ, ಮುಂದೆ ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ 2011ರ ಜನವರಿ 28ರಂದು ತಡೆ ನಿರಾಕರಿಸಿದರು. ಮಾಡಿದ ಆರೋಪ ನಿಜವೆಂದು ಸಾಬೀತುಪಡಿಸುತ್ತೇನೆ ಎಂದು ಪ್ರತಿವಾದಿ ಹೇಳುವಾಗ, ವಿಚಾರಣೆಗೆ ಮೊದಲೇ ಬಾಯಿ ಮುಚ್ಚಿಸಬಾರದು ಎಂಬ 1891ರ ಇಂಗ್ಲಿಷ್ ತೀರ್ಪಿನ ಸೂತ್ರ ಅವರಿಗೆ ಆಧಾರವಾಯಿತು. ಅಂತರಜಾಲ ಹೆಚ್ಚು ಜನರನ್ನು ಮುಟ್ಟುತ್ತದೆ ಎಂಬ ಕಾರಣಕ್ಕೆ ಸೂತ್ರ ಬದಲಾಗುವುದಿಲ್ಲ ಎಂದರು. ಕಂಪನಿಯ ಚಟುವಟಿಕೆಯತ್ತ ಗಮನ ಸೆಳೆಯಲು ಅದರ ಲಾಂಛನವನ್ನು ಅಣಕಿಸುವುದು ತಾನಾಗಿಯೇ ಟ್ರೇಡ್‌ಮಾರ್ಕ್ ಅಪರಾಧವಾಗುವುದಿಲ್ಲ ಎಂದರು. 2024ರ ಮಾರ್ಚ್‌ನಲ್ಲಿ ಸುದ್ದಿಸಂಸ್ಥೆ ಬ್ಲೂಮ್‌ಬರ್ಗ್ ಮತ್ತು ಜೀ ಕಂಪನಿ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆಗೆ ಮೊದಲೇ ಬಾಯಿ ಮುಚ್ಚಿಸುವ ಬಗ್ಗೆ ಇದೇ ಎಚ್ಚರಿಕೆಯನ್ನು ಕೆಳ ನ್ಯಾಯಾಲಯಗಳಿಗೆ ಕೊಟ್ಟಿದೆ.

ಮಾನನಷ್ಟದಲ್ಲಿ ಮಾತನಾಡಿದವನಿಗೆ ಇಷ್ಟು ರಕ್ಷಣೆ. ಕಾಪಿರೈಟ್‌ನಲ್ಲಿ ನ್ಯಾಯಾಧೀಶರ ಮುಖ ಕಾಣುವ ಮೊದಲೇ ವಿಡಿಯೊ ಹೋಗಿರುತ್ತದೆ. ಯೂಟ್ಯೂಬಿಗೆ ದೂರು ಹೋದರೆ ಒಂದು ಸ್ಟ್ರೈಕ್, ಅಂದರೆ ಚಾನೆಲ್ ಮೇಲೆ ದಾಖಲಾಗುವ ಎಚ್ಚರಿಕೆ. ತೊಂಬತ್ತು ದಿನಗಳಲ್ಲಿ ಮೂರಾದರೆ ಚಾನೆಲ್ಲೇ ಮುಚ್ಚುವ ಭಯ, ವರ್ಷಗಟ್ಟಲೆ ದುಡಿದ ನೂರಾರು ವಿಡಿಯೊಗಳೂ ಅದರ ಜೊತೆಗೆ. ಪ್ರತಿನೋಟಿಸ್ ಕೊಡಬಹುದು. ದೂರುದಾರರು ಹತ್ತು ಕೆಲಸದ ದಿನಗಳಲ್ಲಿ ಮೊಕದ್ದಮೆ ಹೂಡದಿದ್ದರೆ ವಿಡಿಯೊ ಮರಳುತ್ತದೆ. ಆದರೆ ಪ್ರತಿನೋಟಿಸಿನಲ್ಲಿ ನಿಮ್ಮ ನಿಜ ಹೆಸರು, ವಿಳಾಸ ಕೊಡಬೇಕು, ಅದು ದೂರುದಾರರಿಗೆ ಹೋಗುತ್ತದೆ. ತಾನು ಟೀಕಿಸಿದ ದೊಡ್ಡ ಕಂಪನಿಗೆ ಮನೆಯ ವಿಳಾಸ ಕೊಡಲು ಎಷ್ಟು ಜನ ಮುಂದಾಗುತ್ತಾರೆ? ಸುದ್ದಿಯ ಬಿಸಿ ಇರುವುದೂ ಮೊದಲ ಎರಡು ಮೂರು ದಿನ ಮಾತ್ರ.

2025ರ ಮೇ ತಿಂಗಳಲ್ಲಿ ಯೂಟ್ಯೂಬರ್ ಮೋಹಕ್ ಮಂಗಲ್, ಕೆಲವೇ ಸೆಕೆಂಡುಗಳ ದೃಶ್ಯ ಬಳಸಿದ್ದಕ್ಕೆ ಸುದ್ದಿಸಂಸ್ಥೆ ಎಎನ್‌ಐ ಸ್ಟ್ರೈಕ್ ಹಾಕಿಸಿ, ಅದನ್ನು ಹಿಂತೆಗೆಯಲು ಲಕ್ಷಾಂತರ ರೂಪಾಯಿ ಕೇಳಿತು ಎಂದು ಆರೋಪಿಸಿದರು. ತನ್ನ ಹಕ್ಕನ್ನು ತಾನು ಕಾಪಾಡಿಕೊಳ್ಳುತ್ತಿದ್ದೇನೆ ಎಂಬುದು ಎಎನ್‌ಐ ನಿಲುವು. ಆ ಆರೋಪದ ವಿರುದ್ಧ ಅದು ದೆಹಲಿ ಹೈಕೋರ್ಟಿನಲ್ಲಿ ಮಾನನಷ್ಟದ ದಾವೆ ಹೂಡಿತು. ಯಾರ ಪಕ್ಷ ಸರಿ ಎಂಬುದು ಹಾಗಿರಲಿ, ಒಂದು ಸ್ಟ್ರೈಕಿಗೆ ಎಷ್ಟು ಬೆಲೆ ಕಟ್ಟಬಹುದು ಎಂಬ ಪ್ರಶ್ನೆ ಅಂದು ಬಹಿರಂಗವಾಗಿ ಎದ್ದಿತು.

ನ್ಯಾಯಾಲಯಗಳೂ ಕೆಲವೊಮ್ಮೆ ಅಳತೆ ತಪ್ಪುತ್ತವೆ. 2022ರ ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ, ಕೆಜಿಎಫ್ 2 ಚಿತ್ರದ ಸಂಗೀತವನ್ನು ಪ್ರಚಾರದ ವಿಡಿಯೊದಲ್ಲಿ ಬಳಸಿದ್ದಕ್ಕೆ ಎಂಆರ್‌ಟಿ ಮ್ಯೂಸಿಕ್ ಕೊಟ್ಟ ದೂರಿನ ಮೇಲೆ, ಕಾಂಗ್ರೆಸ್ ಮತ್ತು ಭಾರತ ಜೋಡೊ ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಏಕಪಕ್ಷೀಯ ಆದೇಶ ಕೊಟ್ಟಿತು. ಅದು ಅಣಕವಲ್ಲ, ಹಾಡಿನ ಸಂಸ್ಥೆಯ ದೂರು ನ್ಯಾಯವಾದದ್ದೇ. ಆದರೆ ಒಂದು ತುಣುಕಿಗಾಗಿ ಇಡೀ ಖಾತೆಯೇ? ಮರುದಿನವೇ ಕರ್ನಾಟಕ ಹೈಕೋರ್ಟ್, ಆ ತುಣುಕನ್ನು ತೆಗೆಯಬೇಕು ಎಂಬ ಷರತ್ತಿನೊಂದಿಗೆ ಆದೇಶವನ್ನು ರದ್ದುಮಾಡಿತು. ರಾಷ್ಟ್ರೀಯ ಪಕ್ಷಕ್ಕೆ ಒಂದೇ ದಿನದಲ್ಲಿ ಹೈಕೋರ್ಟಿನ ಬಾಗಿಲು ತೆರೆಯುತ್ತದೆ. ಕಾರ್ಖಾನೆಯ ಹೊಗೆಯ ಬಗ್ಗೆ ವಿಡಿಯೊ ಮಾಡಿದ ಹಳ್ಳಿಯ ಹುಡುಗಿಗೆ ತೆರೆಯುವುದಿಲ್ಲ.

ಅವಳ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಕಾಯ್ದೆಯ ಸೆಕ್ಷನ್ 60ರ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ. ಆಧಾರವಿಲ್ಲದೆ ಕಾಪಿರೈಟ್ ಬೆದರಿಕೆ ಹಾಕಿದವರ ವಿರುದ್ಧ ತಾನೇ ದಾವೆ ಹೂಡಿ, ಉಲ್ಲಂಘನೆಯಾಗಿಲ್ಲ ಎಂಬ ಘೋಷಣೆ, ಬೆದರಿಕೆಗೆ ತಡೆ ಮತ್ತು ನಷ್ಟಪರಿಹಾರ ಮೂರನ್ನೂ ಕೇಳಲು ಅದು ಅವಕಾಶ ಕೊಡುತ್ತದೆ. ವಿಡಿಯೊ ಮಾಡುವಾಗಲೇ ಕೆಲವು ಎಚ್ಚರಿಕೆಗಳೂ ಸಾಧ್ಯ. ಮೂಲ ಧ್ವನಿಮುದ್ರಣವನ್ನೋ ಅದರ ಕರೋಕೆ ಟ್ರ್ಯಾಕನ್ನೋ ಬಳಸದೆ ಹೊಸದಾಗಿ ನುಡಿಸಿ ಹಾಡಿದರೆ ಹಾಡಿನ ಮೂರು ಹಕ್ಕುಗಳಲ್ಲಿ ಧ್ವನಿಮುದ್ರಣದ ಹಕ್ಕಿನ ತಕರಾರಾದರೂ ತಪ್ಪುತ್ತದೆ, ಯೂಟ್ಯೂಬಿನ ಯಂತ್ರ ಗುರುತುಹಿಡಿಯುವ ಸಾಧ್ಯತೆಯೂ ಕಡಿಮೆಯಾಗುತ್ತದೆ. ಜಾಹೀರಾತಿನ ದೃಶ್ಯ ಬಳಸುವುದಾದರೆ ಟೀಕೆಗೆ ಬೇಕಾದಷ್ಟೇ ಬಳಸಿ, ಆ ದೃಶ್ಯದ ಬಗ್ಗೆಯೇ ಮಾತನಾಡಬೇಕು. ಆರೋಪದ ಪ್ರತಿ ಸಾಲಿಗೂ ದಾಖಲೆ ತೆಗೆದಿಟ್ಟುಕೊಳ್ಳಬೇಕು, ಏಕೆಂದರೆ ಕಾಪಿರೈಟ್ ದೂರು ಸೋತರೆ ಮುಂದಿನದು ಮಾನನಷ್ಟ. ಅಣಕದ ಹೆಸರಿನಲ್ಲಿ ಹೇಳುವ ಸುಳ್ಳಿಗೆ ನಾನು ರಕ್ಷಣೆ ಕೇಳುತ್ತಿಲ್ಲ.

ಕಾನೂನಿನಲ್ಲಿ ಬದಲಾಗಬೇಕಾದದ್ದು ಬಹಳವಿಲ್ಲ. ಸೆಕ್ಷನ್ 52ರಲ್ಲಿ ‘ಟೀಕೆ ಅಥವಾ ವಿಮರ್ಶೆ’ಯ ಪಕ್ಕದಲ್ಲಿ ‘ಅಣಕ, ವಿಡಂಬನೆ’ ಎಂಬ ಎರಡು ಪದಗಳು ಬರಬೇಕು, ಟೀಕೆ ಕೃತಿಯದ್ದೇ ಆಗಿರಬೇಕೆಂಬ ಕಟ್ಟು ಅವುಗಳಿಗೆ ಇರಬಾರದು. ದೂರು ಕೊಡುವವರು ಇದು ಫೇರ್ ಡೀಲಿಂಗ್ ಏಕಲ್ಲ ಎಂದು ದೂರಿನಲ್ಲೇ ಬರೆಯಬೇಕು. ಮಗು ಕುಣಿಯುವ 29 ಸೆಕೆಂಡುಗಳ ವಿಡಿಯೊದ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2015ರಲ್ಲಿ, ನೋಟಿಸ್ ಕೊಡುವ ಮೊದಲು ಫೇರ್ ಯೂಸ್ ಬಗ್ಗೆ ಯೋಚಿಸಲೇಬೇಕು ಎಂದು ಹೇಳಿದೆ. ಇನ್ನೊಂದು, ನಮ್ಮದೇ ನಿಯಮದಲ್ಲಿರುವ ಒಂದು ಪದ. ದೂರು ಬಂದರೆ ಜಾಲತಾಣಗಳು 36 ಗಂಟೆಗಳಲ್ಲಿ ಕೃತಿಯನ್ನು ತಡೆಹಿಡಿಯಬೇಕು, 21 ದಿನಗಳಲ್ಲಿ ದೂರುದಾರರು ನ್ಯಾಯಾಲಯದ ಆದೇಶ ತರದಿದ್ದರೆ ಮರಳಿ ಹಾಕ‘ಬಹುದು’ ಎಂದು ಅಲ್ಲಿದೆ. ತೆಗೆಯುವಾಗ ‘ಬೇಕು’, ಮರಳಿಸುವಾಗ ‘ಬಹುದು’. ಎರಡೂ ಕಡೆ ‘ಬೇಕು’ ಎಂದಿರಲಿ.